ಹೂಂ ಬೀಳದ ಮಾತು

ಮೊದಲು ನಕ್ಕವನು ನಂದಕಿಶೋರನೋ ತಾನೋ ಎಂಬುದು, ಬಸ್ಸು ವಿಜಯಪುರದ ಕೊನೆಯ ಪೆಟ್ರೋಲ್ ಬಂಕನ್ನು ದಾಟಿ ತಿಕೋಟಾದ ದಾರಿ ಹಿಡಿದ ಮೇಲೂ ಸುಶೀಲೇಂದ್ರನಿಗೆ ಬಗೆಹರಿಯಲಿಲ್ಲ. ನಂದಕಿಶೋರನೇ ಮೊದಲು ಎಂದಾದರೆ ತನ್ನದು ಪಕ್ಕದಲ್ಲಿ ಕೂತವನ ಮರ್ಯಾದೆಗೆ ನಕ್ಕ ನಗುವಾಗುತ್ತಿತ್ತು. ಒಬ್ಬ ಕೆಮ್ಮಿದರೆ ಪಕ್ಕದವನ ಗಂಟಲೂ ಕೆರೆಯುತ್ತದಲ್ಲ, ಹಾಗೆ. ತಾನೇ ಮೊದಲು ಎಂದಾದರೆ ಅದಕ್ಕೆ ಬೇರೆ ಹೆಸರು ಕೊಡಬೇಕಾಗುತ್ತಿತ್ತು. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮಾರ್ಚ್ ತಿಂಗಳ ಮೂರೂವರೆ ಗಂಟೆಯ ಗಾಳಿ ಕಿವಿಗೆ ಬಡಿಯುತ್ತಿತ್ತು. ಅವನು ಜೇಬಿನಲ್ಲಿದ್ದ ಟಿಕೆಟ್ಟಿನ ಚೂರನ್ನು ಹೆಬ್ಬೆರಳಿನಿಂದ ತೀಡಿ ತೀಡಿ ನುಣ್ಣಗೆ ಮಾಡಿದ್ದ. ಬೆಳಿಗ್ಗೆ ಬಬಲೇಶ್ವರದ ಹೈಸ್ಕೂಲಿನಲ್ಲಿ ಶನಿವಾರದ ಅರ್ಧ ದಿನ ಮುಗಿಸಿ, ಜೊತೆಯ ಮಾಸ್ತರ ನಂದಕಿಶೋರನ ಮೋಟರ್ ಸೈಕಲ್ ಹತ್ತಿ ವಿಜಯಪುರಕ್ಕೆ ಬಂದು, ಹನ್ನೆರಡರ ಆಟಕ್ಕೆ ಕೂತದ್ದು. ಈ ಇಪ್ಪತ್ತು ವರ್ಷದಲ್ಲಿ ಎಷ್ಟು ಶನಿವಾರ ಹಾಗೆ ಕೂತಿದ್ದಾನೋ. ಇವತ್ತಿನದೂ ಅಂಥದೇ ಒಂದು ಶನಿವಾರ ಎಂದುಕೊಂಡೇ ಒಳಗೆ ಹೋಗಿದ್ದ.

ಪರದೆಯ ಮೇಲೆ ಆಗ ನಡೆದದ್ದಾದರೂ ಏನು? ಒಬ್ಬ ಬೇಕರಿಯವ ಹಿಟ್ಟು ನಾದುತ್ತಿದ್ದ. ಅವನ ಹಣೆಗೆ ಹಿಟ್ಟು ಮೆತ್ತಿತ್ತು. ಎದುರಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಲೈನ್‌ಮನ್ ಲೋಟ ಕೆಳಗಿಟ್ಟು ಎದ್ದುಬಂದು, ತನ್ನ ಖಾಕಿ ಅಂಗಿಯ ತೋಳಿನಿಂದ ಆ ಹಿಟ್ಟನ್ನು ಒರೆಸಿದ. ಇಷ್ಟೇ. ಹಿನ್ನೆಲೆಯ ಸಂಗೀತವನ್ನೂ ನಿಲ್ಲಿಸಿದ್ದರು. ಒರೆಸಿಕೊಂಡವನು ಕಣ್ಣು ಮುಚ್ಚಿದ, ತಾಯಿ ಮುಖ ತೊಳೆಯುವಾಗ ಮಕ್ಕಳು ಮುಚ್ಚುವ ಹಾಗೆ. ಇಬ್ಬರೂ ಹೆಸರಾದ ನಟರು; ಒಬ್ಬನ ಚಿತ್ರ ತಾನಿರುವ ಜೋರಾಪುರ ಪೇಟೆಯ ಕಟಿಂಗ್ ಅಂಗಡಿಯ ಬಾಗಿಲಿಗೆ ಅಂಟಿಸಿದ್ದನ್ನು ಸುಶೀಲೇಂದ್ರ ದಿನಾಲೂ ನೋಡುತ್ತಿದ್ದ. ಆ ಒಂದು ನಿಮಿಷ ಥಿಯೇಟರು ಉಸಿರು ಹಿಡಿದಿತ್ತು. ಸುಶೀಲೇಂದ್ರನ ಎದೆಯೊಳಗೆ ಏನೋ ಸಡಿಲವಾಯಿತು. ಇದನ್ನು ಯಾರೋ ನೋಡಿದ್ದಾರೆ, ಎಲ್ಲೋ ಯಾರೋ ಇಬ್ಬರನ್ನು ಕಂಡು ಬರೆದಿದ್ದಾರೆ, ಬರೀ ಮನಸ್ಸಿನಿಂದ ಹುಟ್ಟುವಂಥದಲ್ಲ ಇದು ಎನ್ನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಸೀಟಿ. ಅದರ ಬೆನ್ನಿಗೆ, “ಲೇ, ಅಕ್ಕಿಕಾಳ ತರ್ರೋ, ಇಬ್ರ ತಲೀಮ್ಯಾಲೂ ಹಾಕೂಣು!” ಎಂಬ ಕೂಗು. ಥಿಯೇಟರು ಒಮ್ಮೆಲೇ ಬಿಚ್ಚಿಕೊಂಡು ನಕ್ಕಿತು. ಅವನೂ ನಕ್ಕ. ಬಾಯಿ ಮಾತ್ರ ನಕ್ಕಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲ. ಹೊಟ್ಟೆ ಕುಲುಕಿತ್ತು. ನಂದಕಿಶೋರನ ತೊಡೆಗೆ ಬಡಿದಿದ್ದ ಕೂಡ.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಂದಕಿಶೋರ, “ಏನ್ರಿ ಸರ್, ದೊಡ್ಡ ಹೀರೋ ಅದಾನ, ಫ್ಯಾಮಿಲಿ ಪಿಚ್ಚರ್ ಇರ್ತದ ಅಂತ ನಿಮ್ಮನ್ನ ಎಳಕೊಂಡ ಬಂದೆ. ನೋಡಿದ್ರ ಇಬ್ರೂ ಗಂಡಸರ ಸೇರಿ ಫ್ಯಾಮಿಲಿ!” ಎಂದಿದ್ದ. ಅವನು ಕೆಟ್ಟವನಲ್ಲ. ಇಬ್ರಾಹಿಂಪುರದಲ್ಲಿ ರೈಲು ಹಾದುಹೋದಾಗಲೆಲ್ಲ ನಡುಗುವ ಬಾಡಿಗೆ ಮನೆಯಲ್ಲಿದ್ದು, ಸುಶೀಲೇಂದ್ರನ ತಾಯಿ ತೀರಿಕೊಂಡಾಗ ಹದಿಮೂರು ದಿನವೂ ಬೆಳಿಗ್ಗೆ ಬಂದು ಹೂವು ತಂದುಕೊಟ್ಟವನು. “ನಿಮ್ಮ ಕಳ್ಳಕವಟಗಿ ದೋಸ್ತಗ ಈ ಕತಿ ಹೆಂಗ ಹೇಳ್ತೀರಿ ಈಗ? ಅಲ್ಲೆ ವಯಸ್ಸಾದ ಹೆಣ್ಣಮಕ್ಕಳು ಇರ್ತಾರ, ಸ್ವಲ್ಪ ಸೆನ್ಸಾರ್ ಮಾಡಿ ಹೇಳ್ರಿ ಮತ್ತ,” ಎಂದು ಕಣ್ಣು ಮಿಟುಕಿಸಿದ. “ಸೆನ್ಸಾರ್ ಮಾಡೂದ ನನ್ನ ಕೆಲಸ ಬಿಡ್ರಿ,” ಎಂದು ಸುಶೀಲೇಂದ್ರ ಹೇಳಿದ್ದ. ಹೇಳಿದ ಮೇಲೆ ಅದು ಚೇಷ್ಟೆಯಲ್ಲ, ತನ್ನ ಇಪ್ಪತ್ತು ವರ್ಷದ ನಿಜ ಎಂದು ಹೊಳೆದು, ಕಿಕ್ ಹೊಡೆದ ಮೋಟರ್ ಸೈಕಲ್ಲಿನ ಸದ್ದಿಗೆ ಬೆಚ್ಚಿದವನಂತೆ ಒಂದು ಹೆಜ್ಜೆ ಹಿಂದೆ ಸರಿದಿದ್ದ.

ಕತೆ ಹೇಳುವುದು ಸುರುವಾದದ್ದು ಅವನ ಮೊದಲ ನೌಕರಿಯ ವರ್ಷದಲ್ಲಿ. ಕಳ್ಳಕವಟಗಿಯ ಸಾಲೆಗೆ ಮಾಸ್ತರನಾಗಿ ಹೋದವನಿಗೆ ರಾಚವ್ವ ತನ್ನ ಮನೆಯ ಮುಂದಿನ ಕೋಣೆ ಕೊಟ್ಟಿದ್ದಳು. ಜನಿವಾರದ ಹುಡುಗ ನಮ್ಮ ಮನೆಯ ಅನ್ನ ಉಣ್ಣುತ್ತಾನೋ ಇಲ್ಲವೋ ಎಂದು ಎರಡು ದಿನ ಅನುಮಾನಿಸಿ, ಮೂರನೆಯ ದಿನ ಕೇಳದೇ ತಾಟು ಇಟ್ಟವಳು. ಒಂದು ಶನಿವಾರ ಅವನು ವಿಜಯಪುರಕ್ಕೆ ಹೋಗಿ ಸಿನಿಮಾ ನೋಡಿ ಬಂದ. ಜೋಳ ಹಸನು ಮಾಡುತ್ತಿದ್ದ ರಾಚವ್ವ ಮೊರದಿಂದ ಕಣ್ಣೆತ್ತದೆ, “ಏನ ನೋಡಿದಿ ಹೇಳಲ್ಲ,” ಎಂದಳು. ಹೇಳಲು ಕೂತ. ನಾಲ್ಕು ಮಾತಾಡುವಷ್ಟರಲ್ಲಿ ಅವಳು ಕೈಯೆತ್ತಿ ತಡೆದು ಒಳಗಿದ್ದ ಮಗನನ್ನು ಕೂಗಿದಳು: “ರಾಮಲಿಂಗಾ, ಬಾರೋ, ಹೂಂ ಅನ್ನಾಕ ಯಾರೂ ಇಲ್ಲ.” ಅವರ ಮನೆತನದಲ್ಲಿ ಕತೆಗೆ ಒಂದು ಕಟ್ಟು ಇತ್ತು. ಹೇಳುವವನೊಬ್ಬ, ಕೇಳುವವರು ಎಷ್ಟಾದರೂ ಇರಲಿ. ಆದರೆ ಹೂಂಗುಟ್ಟುವವನು ಒಬ್ಬನೇ ಗೊತ್ತಾಗಿರಬೇಕು. ಪ್ರತಿ ಮಾತಿಗೂ ಅವನ ಹೂಂ ಬೀಳಬೇಕು. ಬಿದ್ದರೆ ಆ ಮಾತು ಕತೆಯೊಳಗೆ ನಡೆದ ಹಾಗೆ. ಬೀಳದಿದ್ದರೆ ಹೇಳುವವನು ಎಷ್ಟೇ ಹೇಳಿದರೂ ಅದು ನಡೆದಿಲ್ಲ. ಅಲ್ಲಿಗೇ ನಿಂತು, ಹಿಂದಕ್ಕೆ ಹೋಗಿ, ಬೇರೆ ಥರ ಹೇಳಬೇಕು. ರಾಚವ್ವ ಚಿಕ್ಕಂದಿನಲ್ಲಿ ಅಜ್ಜಿಯ ಕತೆಯೊಳಗಿನ ಒಂದು ಕರುವನ್ನು ಹೂಂ ಅನ್ನದೆಯೇ ಹುಲಿಯ ಬಾಯಿಂದ ಉಳಿಸಿದ್ದಳಂತೆ. ಒಳಗಿನಿಂದ ಬಂದ ರಾಮಲಿಂಗ ಹಣೆಯ ವಿಭೂತಿ ಇನ್ನೂ ಹಸಿಯಿದ್ದವನು. ಸೋಮವಾರದ ಭಜನೆಯಲ್ಲಿ ತಾಳ ಹಿಡಿಯುವ ಕೈ. ಗೋಡೆಗೆ ಬೆನ್ನು ಕೊಟ್ಟು ಕೂತು, ಮಾಸ್ತರನ ಮುಖ ನೋಡಿ, “ಹೂಂ,” ಎಂದ. ಆ ಹೂಂಗೆ ಎಂಥ ಭಾರವಿತ್ತೆಂದರೆ, ತಾನು ಹುಟ್ಟಿದಾಗಿನಿಂದ ಹೇಳಿದ ಯಾವ ಮಾತೂ ಆವತ್ತಿನವರೆಗೆ ನಡೆದೇ ಇರಲಿಲ್ಲ ಎಂದು ಸುಶೀಲೇಂದ್ರನಿಗೆ ಅನ್ನಿಸಿತ್ತು.

ಬಬಲೇಶ್ವರಕ್ಕೆ ವರ್ಗವಾದ ಮೇಲೂ ಶನಿವಾರ ತಪ್ಪಲಿಲ್ಲ. ಸಿನಿಮಾ ನೋಡುವುದು, ತಿಕೋಟಾ ಬಸ್ಸು ಹತ್ತುವುದು, ಅಲ್ಲಿ ರಾಮಲಿಂಗ ಗಾಡಿ ತಂದು ನಿಂತಿರುವುದು. ಲಗ್ನದ ಮಾತು ಇಬ್ಬರ ಮನೆಯಲ್ಲೂ ಬಂದು, ಕೂತು, ಬೇಸತ್ತು ಎದ್ದುಹೋಯಿತು. ರಾಚವ್ವ ಶನಿವಾರ ಮಾಳಿಗೆಯ ಮೇಲೆ ಎರಡು ಹಾಸಿಗೆ ಹಾಸುತ್ತಿದ್ದಳು, ರವಿವಾರ ಬೆಳಿಗ್ಗೆ ಎರಡನ್ನೂ ಮಡಿಚುತ್ತಿದ್ದಳು. ಒಂದಕ್ಕೆ ನೆರಿಗೆಯೇ ಬಿದ್ದಿರುತ್ತಿರಲಿಲ್ಲ. ನೆರಿಗೆ ಬೀಳದ ಕೌದಿಯನ್ನೂ ಅವಳು ನಾಲ್ಕು ಸಲ ಝಾಡಿಸಿ ಮಡಿಚುವುದನ್ನು ಸುಶೀಲೇಂದ್ರ ಮೆಟ್ಟಿಲ ಮೇಲೆ ನಿಂತು ನೋಡಿದ್ದ. ಅವಳಿಗೆ ಗೊತ್ತಿತ್ತೋ, ಗೊತ್ತಿಲ್ಲದ ಹಾಗೆ ಇರುವುದನ್ನು ದೇವರಿಂದ ಬೇಡಿ ಪಡೆದಿದ್ದಳೋ, ಕೇಳುವ ಧೈರ್ಯ ಇಪ್ಪತ್ತು ವರ್ಷದಲ್ಲಿ ಅವನಿಗೆ ಬಂದಿರಲಿಲ್ಲ.

ಅವನು ಕತ್ತರಿ ಹಾಕಲು ಕಲಿತದ್ದೂ ಆ ಮೊದಲ ವರ್ಷದಲ್ಲೇ. ಎಂಥೆಂಥ ಸಿನಿಮಾದಲ್ಲೂ ಒಬ್ಬ ಇರುತ್ತಿದ್ದ: ಕುತ್ತಿಗೆಗೆ ಕರ್ಚೀಫು ಕಟ್ಟಿದವನು, ನಡುವನ್ನು ಒಂದು ಕಡೆ ಒಗೆದು ನಡೆಯುವವನು, ನಾಯಕನ ಗಲ್ಲ ಮುಟ್ಟಲು ಹೋಗಿ ಒದೆಸಿಕೊಳ್ಳುವವನು. ಅವನು ಬಂದಾಗ ಒಂದು ಥರದ ಪೀಪಿಯ ಸಂಗೀತ. ಅವನಿಗೆ ಹೆಸರಿರುತ್ತಿರಲಿಲ್ಲ, ಮನೆ ಇರುತ್ತಿರಲಿಲ್ಲ, ತಾಯಿ ಇರುತ್ತಿರಲಿಲ್ಲ. ಬಂದು, ನಗಿಸಿ, ಒದೆ ತಿಂದು ಹೋಗುತ್ತಿದ್ದ. ಜನ ಕಣ್ಣೀರು ಬರುವ ಹಾಗೆ ನಗುತ್ತಿದ್ದರು. ರಾಮಲಿಂಗನ ಎದುರು ಕೂತು ಆ ಮನುಷ್ಯನ ಬಗ್ಗೆ ಹೇಳುವುದು ಅವನಿಂದ ಆಗಲಿಲ್ಲ. ಹೇಳಿದರೆ ಇವನೂ ನಗಬೇಕಾಗುತ್ತದೆ, ಅಥವಾ ನಗದೇ ಇರಬೇಕಾಗುತ್ತದೆ, ಎರಡೂ ಕಷ್ಟ. ಆದ್ದರಿಂದ ಕತೆಯಿಂದಲೇ ತೆಗೆದುಬಿಟ್ಟ. ಇಪ್ಪತ್ತು ವರ್ಷದಲ್ಲಿ ಅಂಥ ಎಷ್ಟು ಜನರನ್ನು ದಾರಿಯಲ್ಲೇ ಬಸ್ಸಿನಿಂದ ಇಳಿಸಿ ಬಂದಿದ್ದನೋ. ಹೊರಗೆ ಜಗತ್ತು ತಮ್ಮಂಥವರನ್ನು ಹೀಗೆ ಕಾಣುತ್ತದೆ ಎಂಬುದು ರಾಮಲಿಂಗನ ಹೊಲದ ಬದುವನ್ನು ದಾಟಿ ಒಳಗೆ ಬರಬಾರದು. ಅದು ತನ್ನ ಪಾಲಿನ ಸೇವೆ ಎಂದು ತಿಳಿದಿದ್ದ. ಆದರೆ ಬಬಲೇಶ್ವರದ ಸಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಏಳೆಂಟು ವರ್ಷದ ಹಿಂದೆ, ಮಾಸ್ತರರೆಲ್ಲ ಒಂದೊಂದು ಐಟಂ ಮಾಡಬೇಕೆಂದಾಗ, ತಾನೇ ಕುತ್ತಿಗೆಗೆ ಕರ್ಚೀಫು ಕಟ್ಟಿಕೊಂಡು ವೇದಿಕೆಯ ಮೇಲೆ ಆ ನಡಿಗೆ ನಡೆದಿದ್ದ. ಮಂಟಪ ಹಾರಿಹೋಗುವಂತೆ ಚಪ್ಪಾಳೆ. ಹೀಗೆ ಕುಣಿದು ತೋರಿಸುವವನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ ಎಂಬ ಉಪಾಯ ಅದರೊಳಗಿತ್ತೆಂದು ಅವನೊಬ್ಬನಿಗೆ ಗೊತ್ತಿತ್ತು. ನಡಿಗೆಯ ನಡುವೆ ಕಣ್ಣೆತ್ತಿದಾಗ, ಮಂಟಪದ ಕೊನೆಗೆ, ಮಕ್ಕಳಿಗೆಂದು ಎರಡು ಬುಟ್ಟಿ ದ್ರಾಕ್ಷಿ ತಂದು ಕೆಳಗಿಡದೆ ನಿಂತಿದ್ದ ರಾಮಲಿಂಗ ಕಂಡಿದ್ದ. ಆಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ, “ಛಲೋ ಮಾಡಿದಿ,” ಎಂದಷ್ಟೇ ಹೇಳಿ, ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೋಗಿದ್ದ.

ತಿಕೋಟಾದ ಸ್ಟ್ಯಾಂಡಿನಲ್ಲಿ ರಾಮಲಿಂಗ ಗಾಡಿಗೆ ಒರಗಿ ನಿಂತಿದ್ದ. ಗಡ್ಡದಲ್ಲಿ ಬಿಳಿ ಈಗ ಕರಿಯಕ್ಕಿಂತ ಹೆಚ್ಚಾಗಿತ್ತು. “ಬಸ್ಸು ತಡಾ ಆತು?” ಎಂದ. “ಇಲ್ಲ, ಪಿಚ್ಚರ್ ಉದ್ದ ಇತ್ತು,” ಎಂದ ಸುಶೀಲೇಂದ್ರ. “ಹೆಂಗೈತಿ?” “ಐತಿ, ನಡೀತೈತಿ.” ರಾಮಲಿಂಗ ಅವನ ಮುಖವನ್ನು ಒಂದು ಗಳಿಗೆ ನೋಡಿ ಗಾಡಿ ಸುರು ಮಾಡಿದ. ಊರು ದಾಟುವವರೆಗೆ ಹಿಂದಿನ ಕ್ಯಾರಿಯರ್ ಹಿಡಿದು ಕೂರುವುದು, ಕೊನೆಯ ಮನೆ ದಾಟಿದ ಮೇಲೆ ಕೈಯನ್ನು ಮುಂದಿನವನ ಹೆಗಲಿಗೆ ತರುವುದು ಸುಶೀಲೇಂದ್ರನ ರೂಢಿ. ಇವತ್ತು ಕೊನೆಯ ಮನೆ ಹಿಂದೆ ಬಿತ್ತು, ದ್ರಾಕ್ಷಿ ತೋಟಗಳು ಬಂದವು, ಕೈ ಕ್ಯಾರಿಯರಿನ ಮೇಲೇ ಇತ್ತು. ಕಬ್ಬಿಣ ಕಾದಿತ್ತು. ಸುಡುತ್ತಿದ್ದರೂ ಬಿಡಲಿಲ್ಲ. ರಾಮಲಿಂಗ ಒಮ್ಮೆ ಹೆಗಲನ್ನು, ನೊಣ ಕೂತಿತೆಂಬಂತೆ, ಸ್ವಲ್ಪ ಅಲುಗಿಸಿದ, ಆಮೇಲೆ ಸುಮ್ಮನಾದ.

ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹದಿನೈದು ದಿನದ ಹಣ್ಣು ಇಳಿಸುವ ಹದಕ್ಕೆ ಬಂದಿತ್ತು. ಒಂದರ ಮೇಲೊಂದು ಬಿಗಿದ ಹತ್ತು ಅಂತಸ್ತಿನ ಬಲೆಗಳು. ಎಣ್ಣೆನೀರಿನಲ್ಲಿ ಅದ್ದಿ ಹರವಿದಾಗ ಹಸಿರಾಗಿದ್ದ ಕಾಳು ಈಗ ಜೇನಿನ ಬಣ್ಣಕ್ಕೆ ತಿರುಗಿ ಮುದುಡಿದ್ದವು. ನಾಲ್ಕೂ ಕಡೆಯಿಂದ ಗಾಳಿ ಆಡುತ್ತಿತ್ತು, ಸಿಹಿಯ ಜೊತೆ ಸಣ್ಣ ಹುಳಿಯ ವಾಸನೆ. ಕೂಲಿಯ ಹೆಣ್ಣುಮಕ್ಕಳು ಆಗಲೇ ಊರಿನ ಕಡೆ ಹೊರಟಿದ್ದರು. ರಾಚವ್ವ ಒಬ್ಬಳೇ ತಾಡಪತ್ರಿಯ ಮೇಲೆ ಕಾಲು ಚಾಚಿ ಕೂತು, ಉದುರಿದ ಕಾಳನ್ನು ಮೊರದಲ್ಲಿಟ್ಟು ಕಡ್ಡಿ ಆರಿಸುತ್ತಿದ್ದಳು. “ಬಂದ್ಯಾ ಯಪ್ಪಾ? ಮಾರಿ ಯಾಕ ಒಣಗೇತಿ? ಶೆಡ್ಡಿನಾಗ ನಿನ್ನೂ ಹಾಕಿದ್ರೇನು ಹದಿನೈದ ದಿನಾ?” ಎಂದು ನಕ್ಕು, ತಂಬಿಗೆ ಮುಂದೆ ಸರಿಸಿದಳು. “ನೀರ ಕುಡಿ. ಕುಡದು ಸುರು ಮಾಡು. ಹೋದ ವಾರದ್ದು ಬರೇ ಬಡದಾಟ ಇತ್ತು, ನಂಗ ಸೇರಲಿಲ್ಲ.” ರಾಮಲಿಂಗ ಮೇಲಿನ ಅಂತಸ್ತಿನ ಬಲೆಯ ಹುರಿ ಬಿಚ್ಚಲು ಏಣಿ ಹತ್ತಿದ. ಕತೆ ನಡೆಯುವಾಗ ಅವನು ಕೆಲಸ ನಿಲ್ಲಿಸುವುದಿಲ್ಲ. ಕೈ ಬಲೆಯ ಮೇಲೆ, ಹೂಂ ಮಾತಿನ ಮೇಲೆ.

ನೀರು ಕುಡಿಯುವಷ್ಟು ಹೊತ್ತಿನಲ್ಲಿ ಸುಶೀಲೇಂದ್ರ ತೀರ್ಮಾನಿಸಿಬಿಟ್ಟಿದ್ದ. ಬಸ್ಸಿನಿಂದ ಒಬ್ಬನನ್ನು ಇಳಿಸಿ ಬರುವುದು ಇವತ್ತು ಆಗುವಂತಿರಲಿಲ್ಲ. ಅವನನ್ನು ಇಳಿಸಿದರೆ ಕತೆಯೇ ಉಳಿಯುತ್ತಿರಲಿಲ್ಲ. ಆದ್ದರಿಂದ ವೇಷ ಬದಲಿಸಿದರಾಯಿತು. “ಒಂದು ಸಮುದ್ರದ ಬಾಜೂಕಿನ ಊರು ಬೇ. ಅಲ್ಲೊಬ್ಬ ಬೇಕರಿಯವ ಇದ್ದ.” “ಹೂಂ,” ಎಂದ ರಾಮಲಿಂಗ ಮೇಲಿನಿಂದ. “ಒಬ್ಬಾವ. ಹಿಂದಿಲ್ಲ ಮುಂದಿಲ್ಲ.” “ಹೂಂ.” “ಅದೇ ಊರಾಗ ಒಬ್ಬಾಕಿ ನರ್ಸ್ ಇದ್ಲು.” ಹೂಂ ಬರಲು ಒಂದು ಉಸಿರಿನಷ್ಟು ತಡವಾಯಿತು. ಬಂತು. ರಾಚವ್ವ ಕಡ್ಡಿಯೊಂದನ್ನು ಒಗೆದು, “ಛಂದ ಇದ್ಲೇನು?” ಎಂದಳು. “ಇದ್ಲು ಬೇ. ಒಂದ ದಿನಾ ಜೋರು ಗಾಳಿ ಬಿಟ್ಟು ಓಣಿ ತುಂಬ ಕರೆಂಟ್ ಹೋತು.” “ಹೂಂ.” “ಬೇಕರಿಯವ ಮೇಣಬತ್ತಿ ಹಚಿಗೊಂಡು ಹೊರಗ ಬಂದು ನೋಡ್ತಾನ, ಕಂಬದ ಮ್ಯಾಲ ಆಕಿ…” ನಾಲಿಗೆ ಅಲ್ಲಿಯೇ ಎಡವಿತು. ಕಣ್ಣಿನೊಳಗೆ ಇದ್ದದ್ದು ಖಾಕಿ ಅಂಗಿಯ ಮನುಷ್ಯ. ಗೊತ್ತಿಲ್ಲದೆ ಬಾಯಿ ಅವನನ್ನೇ ಕಂಬ ಹತ್ತಿಸಿಬಿಟ್ಟಿತ್ತು.

ರಾಚವ್ವನ ಕೈ ನಿಂತಿತು. “ನರ್ಸವ್ವ ಕಂಬಾ ಯಾಕ ಹತ್ತಿದ್ಲೋ ಯಪ್ಪಾ? ಕಂಬಕ್ಕ ಸೂಜಿ ಮಾಡಾಕೇನು?”

ಅವಳು ಗಹಗಹಿಸಿ ನಕ್ಕಳು. ಸುಶೀಲೇಂದ್ರನೂ ನಕ್ಕ, ನಕ್ಕಾಗ ಮಧ್ಯಾಹ್ನದ ನಗು ಅದೇ ದಾರಿಯಿಂದ ಮೇಲೆ ಬಂದಂತಾಗಿ ಬಾಯಿ ಕಹಿಯಾಯಿತು. “ಅಲ್ಲ ಬೇ, ಆಕಿ ಕಂಬದ ಕೆಳಗ ನಿಂತಿದ್ಲು. ತಪ್ಪಿದೆ. ನಿಂತಿದ್ಲು, ಇಂವ ಒಳಗ ಕರದು ಚಹಾ ಕೊಟ್ಟ.” ಮೇಲಿನಿಂದ ಏನೂ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ದನಿ ಏರಿಸಿದ: “ಒಳಗ ಕರದು ಚಹಾ ಕೊಟ್ಟ.” ಬಲೆಯ ಹುರಿ ಬಿಚ್ಚುವ ಸದ್ದೂ ನಿಂತಿತ್ತು. “ಇಂವ ಹಿಟ್ಟು ನಾದಾಕತ್ತಿದ್ದ. ಹಣೀಗೆ ಹಿಟ್ಟು ಹತ್ತಿತ್ತು. ಆಕಿ ಎದ್ದು ಬಂದು, ಸೀರಿ ಸೆರಗಿನಿಂದ…” ಮಾತುಗಳು ಹೂಂ ಇಲ್ಲದೆ ಒಂದರ ಹಿಂದೊಂದು ಹೋಗಿ ಶೆಡ್ಡಿನ ಆಚೆಯ ಗಾಳಿಯಲ್ಲಿ ಕಳೆದುಹೋಗುತ್ತಿದ್ದವು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ರಾಮಲಿಂಗ ಕೌದಿಯೊಳಗಿನಿಂದ ಹೂಂ ಎಂದಿದ್ದ. ರಾಚವ್ವ ಕತ್ತೆತ್ತಿ, “ಯಾಕೋ, ಹೂಂ ಅನ್ನವಲ್ಲಿ? ಅಂವಾ ಹೇಳಾಕತ್ತಾನ,” ಎಂದಳು.

“ಸೆರಗು ಇರಲಿಲ್ಲ,” ಎಂದ ರಾಮಲಿಂಗ. ಏಣಿಯಿಂದ ಇಳಿದಿದ್ದ. ಬಲೆಗಳ ಸಾಲಿನ ಆಚೆ ನಿಂತದ್ದರಿಂದ ಮುಖ ಚೌಕ ಚೌಕವಾಗಿ ಕಾಣುತ್ತಿತ್ತು. “ಖಾಕಿ ಅಂಗಿ ತೋಳು ಇತ್ತು. ನಿನ್ನಿ ಎಣ್ಣಿ ಡಬ್ಬಿ ತರಾಕ ವಿಜಯಪುರಕ್ಕ ಹೋಗಿದ್ದೆ. ನಾನೂ ನೋಡೇನಿ.”

ಸುಶೀಲೇಂದ್ರನಿಗೆ ಮೊದಲು ಹೊಳೆದದ್ದು ನಾಚಿಕೆಯಲ್ಲ, ಒಂದು ಹುಚ್ಚು ಕೋಪ: ನೋಡಿದವನಿಗೆ ತಾನು ಯಾಕೆ ಹೇಳಬೇಕು, ನೋಡಿದ್ದೇನೆಂದು ಮೊದಲೇ ಹೇಳಬಾರದಿತ್ತೇ. “ನೀ ಥೇಟರಕ್ಕ ಹೋಗಾವಲ್ಲಲ್ಲೋ?” ಎಂದ. “ಹೋಗ್ತೀನಿ,” ಎಂದ ರಾಮಲಿಂಗ, ತಪ್ಪು ಮಾಡಿದವನ ಮೆಲ್ಲನೆಯ ದನಿಯಲ್ಲಿ. “ಮೊದಲಿಂದೂ ಹೋಗ್ತೀನಿ. ಸಂತಿಗೆ ಹೋದಾಗ, ಎಣ್ಣೀಗೆ ಹೋದಾಗ. ನೀ ಹೇಳಿದ ಕತಿ ಆಮ್ಯಾಲ ಒಮ್ಮೆ ನೋಡಬೇಕು ಅನಸ್ತಿತ್ತು. ನೀ ಎಲ್ಲೆಲ್ಲಿ ಕಡೀತಿ ನಂಗ ಗೊತ್ತು. ಆ ಕರ್ಚೀಫಿನಾಂವ… ಅಂವನ್ನ ನೀ ಒಮ್ಮೆನೂ ತರಲಿಲ್ಲ. ನಂಗ ನೋವಾಗಬಾರದಂತ ಬಿಡ್ತಾನ ಅನಕೊಂಡು ಹೂಂ ಅಂದೆ. ಎಲ್ಲಾದಕ್ಕೂ ಹೂಂ ಅಂದೆ. ಇವತ್ತ ಆಗಂಗಿಲ್ಲ. ಇಷ್ಟ ವರ್ಷಕ್ಕ ಒಮ್ಮೆ ಅವರಿಬ್ರು ಬಂದಾರ, ಅವರನ್ನ ಹೊರಗ ನಿಲ್ಲಸಬ್ಯಾಡ.”

ರಾಚವ್ವ ಮತ್ತೆ ಕಡ್ಡಿ ಆರಿಸತೊಡಗಿದ್ದಳು. ಅವಳು ಕೇಳುತ್ತಿದ್ದಾಳೆ ಎಂಬುದು ಅವಳ ಬೆರಳುಗಳ ನಿಧಾನದಿಂದ ತಿಳಿಯುತ್ತಿತ್ತು. ಸುಶೀಲೇಂದ್ರ ಎದ್ದುಹೋಗಬೇಕೆಂದುಕೊಂಡ. ತಿಕೋಟಾದಿಂದ ಆರೂವರೆಗೆ ಒಂದು ಬಸ್ಸಿತ್ತು. ಆಗ ರಾಮಲಿಂಗ, ಬಲೆಯ ಮೇಲೆ ಅಂಗೈ ಊರಿ, ತುಸು ನಕ್ಕು ಹೇಳಿದ: “ಆ ಹಿಟ್ಟು ಒರಸೂ ಕಡೆ ಮಂದಿ ನಕ್ರು. ಏನೇನರ ಒದರಿದ್ರು. ಒಬ್ಬಾವ ಕುಂತಿದ್ದೆ, ಹೆದರಿಕಿ ಬಂತು. ಸುಶೀಲ ಇದ್ದಿದ್ರ ಇಲ್ಲಿ ನಗತಿದ್ದಿಲ್ಲ ಅಂತ ನೆನಸಿಕೊಂಡೆ. ಆಮ್ಯಾಲ ಕುಂದರೂದಾತು.”

ಈಗ ಸುಮ್ಮನಿರಬಹುದಾಗಿತ್ತು. ರಾಮಲಿಂಗ ಏನೂ ಕೇಳಿರಲಿಲ್ಲ. ನಂಬಿ, ನಂಬಿದ್ದನ್ನು ಹೇಳಿದ್ದ ಅಷ್ಟೆ. ಹೂಂ ಎಂದರೆ ಸಾಕಿತ್ತು. ಆ ಒಂದಕ್ಷರ ಇಪ್ಪತ್ತು ವರ್ಷ ಅವನ ಕಡೆಯಿಂದ ಬಂದದ್ದು, ಒಮ್ಮೆ ತನ್ನ ಕಡೆಯಿಂದ ಹೋದರೆ ಎಲ್ಲ ಉಳಿಯುತ್ತಿತ್ತು. ದೇವರ ಕೋಣೆಯಲ್ಲಿ ಸುಳ್ಳು ಹೇಳಿದ ಚಿಕ್ಕಂದಿನ ಒಂದು ಬೆಳಿಗ್ಗೆ ನೆನಪಾಯಿತು. ನೈವೇದ್ಯಕ್ಕಿಟ್ಟ ಸಕ್ಕರೆಯನ್ನು ತಿಂದು, ಇರುವೆ ತಿಂದವು ಎಂದಿದ್ದ. ತಾಯಿ ನಂಬಿದ್ದಳು. ನಂಬಿ ಇರುವೆಗಳಿಗೆ ಅರಿಷಿಣ ಹಾಕಿದ್ದಳು. ಆ ಅರಿಷಿಣದ ಗೆರೆಯನ್ನು ದಾಟಲಾರದೆ ತಿರುಗಾಡುತ್ತಿದ್ದ ಇರುವೆಗಳು.

“ನಕ್ಕೆ,” ಎಂದ. “ನಾನೂ ನಕ್ಕೆನೋ ರಾಮಲಿಂಗಾ. ಬಾಜೂಕ ನಂದಕಿಶೋರ ಇದ್ದ. ಜೋರಾಗಿ ನಕ್ಕೆ. ಅಂವಗಿಂತ ಮೊದಲೇನೋ.”

ಗಾಳಿ ನಿಂತಿರಲಿಲ್ಲ, ಮೇಲಿನ ಬಲೆಯಿಂದ ಬಿಡಿ ಕಾಳುಗಳು ಕೆಳಗಿನ ಬಲೆಗೆ, ಅದರಿಂದ ಇನ್ನೂ ಕೆಳಗಿನದಕ್ಕೆ ಟಪ್ ಟಪ್ ಎಂದು ಇಳಿಯುತ್ತಿದ್ದವು. ರಾಮಲಿಂಗ ನಿಂತಲ್ಲೇ ನಿಂತಿದ್ದ. ಗ್ಯಾದರಿಂಗಿನ ದಿನ ಮಂಟಪದ ಕೊನೆಗೆ ನಿಂತವನು ಇವನೇ, ಬುಟ್ಟಿ ಕೆಳಗಿಡದೆ. ಆವತ್ತೂ ಹೀಗೇ ನಿಂತಿದ್ದ. ಬೈದಿದ್ದರೆ, ಒಂದು ಹಿಡಿ ಕಾಳು ತೆಗೆದು ಮುಖಕ್ಕೆ ಒಗೆದಿದ್ದರೆ ಸುಶೀಲೇಂದ್ರನಿಗೆ ಉಸಿರಾಡಲು ಆಗುತ್ತಿತ್ತು. ರಾಮಲಿಂಗ ಬೆನ್ನು ತಿರುಗಿಸಿ ಮತ್ತೆ ಏಣಿ ಹತ್ತಿದ. ಅರ್ಧ ಬಿಚ್ಚಿದ ಹುರಿಯನ್ನು ಹುಡುಕಿ ಹಿಡಿದ. ಆ ಬೆನ್ನಿನ ಕಡೆಯಿಂದಲೇ ಮಾತು ಬಂತು: “ಮೊದಲಿಂದ ಹೇಳು. ಯವ್ವ ಕೇಳಬೇಕು.”

ಸುಶೀಲೇಂದ್ರ ರಾಚವ್ವನನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಇಬ್ಬರು ಗಂಡಸರ ಕತೆಯನ್ನು ಈ ಮುದುಕಿಯ ಮುಂದೆ ಹೇಳುವುದೆಂದರೆ ನೆರಿಗೆ ಬೀಳದ ಕೌದಿಯನ್ನು ಅವಳ ಮುಂದೆಯೇ ಬಿಚ್ಚಿ ತೋರಿಸಿದ ಹಾಗೆ. ಹೇಳಿದ ಮೇಲೆ ಅವಳು ತಾಟು ಇಡುತ್ತಾಳೋ ಇಲ್ಲವೋ. ಮುಂದಿನ ಶನಿವಾರ ಎಂಬುದು ಇರುತ್ತದೋ ಇಲ್ಲವೋ. ಕೈ ಮುಗಿಯಬೇಕೆನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. “ಒಂದೂರಾಗ,” ಎಂದು ಸುರು ಮಾಡಿದ, “ಇಬ್ಬರು ಗಂಡಸರು ಇದ್ರು.”

ಏಣಿಯ ಮೇಲಿಂದ ಹೂಂ ಬರಲಿಲ್ಲ. ಎಂದೂ ಇಷ್ಟು ಹೊತ್ತು ಅವನು ಕಾದಿರಲಿಲ್ಲ. ಕಾಳುಗಳು ಇಳಿಯುತ್ತಿದ್ದವು, ಒಂದು, ಎರಡು.

“ಹೂಂ,” ಎಂದಳು ರಾಚವ್ವ, ಕಡ್ಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ.

ಅವನು ಹೇಳಿದ. ಕಂಬದ ಮೇಲೆ ಇದ್ದವನು ಲೈನ್‌ಮನ್ ಎಂದ. ಅವಳು ಹೂಂ ಎಂದಳು, “ಈಗ ಕೂಡಿತು ನೋಡು,” ಎಂದು ತನ್ನಷ್ಟಕ್ಕೆ ಸೇರಿಸಿದಳು. ಚಹಾ ಎಂದ, ಹಿಟ್ಟು ಎಂದ, ಖಾಕಿ ತೋಳು ಎಂದ. ಥಿಯೇಟರಿನಲ್ಲಿ ಸೀಟಿ ಬಿದ್ದ ಜಾಗ ಬಂದಾಗ ಅವನ ಬೆನ್ನು ತಾನಾಗಿ ಬಿಗಿಯಿತು. ಇಲ್ಲಿ ಸೀಟಿ ಬೀಳಲಿಲ್ಲ. “ಹೂಂ,” ಎಂದಳು ಅವಳು, “ಹಣೀಗೆ ಹತ್ತಿದ್ದು ತನಗ ಕಾಣಂಗಿಲ್ಲ, ಮತ್ತೊಬ್ರು ಒರಸಬೇಕು.” ಲೈನ್‌ಮನ್ನನ ಮನೆಯವರು ಬಂದು ಬೇಕರಿಯ ಗಾಜು ಒಡೆದದ್ದು, ಊರು ಬೇಕರಿಯ ರೊಟ್ಟಿ ಬಿಟ್ಟದ್ದು, ಇಬ್ಬರೂ ಮಾತಾಡದೆ ಬೆಳಗಿನ ಜಾವ ಒಲೆಗೆ ಉರಿ ಹಾಕಿದ್ದು, ಎಲ್ಲಕ್ಕೂ ಹೂಂ ಬಿತ್ತು. ಸುಶೀಲೇಂದ್ರ ಹೀಗೆ ಎಂದೂ ಕತೆ ಹೇಳಿರಲಿಲ್ಲ. ಕತ್ತರಿಸುವ ಕೆಲಸವಿಲ್ಲದ್ದರಿಂದ ಕಣ್ಣು ಎಲ್ಲವನ್ನೂ ಎತ್ತಿಕೊಡುತ್ತಿತ್ತು: ಬೇಕರಿಯ ಗೋಡೆಯ ಮೇಲಿನ ಮಸಿ, ಮಳೆಯ ದಿನ ಒಂದೇ ಕೊಡೆ. ಮೇಲಿನಿಂದ ಮಾತ್ರ ಏನೂ ಇಲ್ಲ. ಬಲೆಯನ್ನು ಕೊಡವುವ ಸದ್ದು, ಅಷ್ಟೆ. ಶೆಡ್ಡಿನ ನೆರಳು ಉದ್ದವಾಗಿ ಬಾವಿಯ ಕಟ್ಟೆಯನ್ನು ಮುಟ್ಟಿತು.

“ಕಡೀಕ ಒಂದು ದಿನಾ ಮತ್ತ ಗಾಳಿ ಬಿಟ್ತು ಬೇ. ಊರ ತುಂಬ ಕತ್ತಲಿ.”

“ಹೂಂ.”

“ಲೈನ್‌ಮನ್ ಕಂಬಾ ಹತ್ತಿದ.”

“ಹೂಂ.”

“ತಂತಿಗೆ ಕೈ ಹಚ್ಚಿದ. ಕರೆಂಟ್ ಹೊಡದು ಸತ್ತ.”

ಹೂಂ ಬೀಳಲಿಲ್ಲ. ರಾಚವ್ವ ಮೊರವನ್ನು ಬದಿಗಿಟ್ಟಳು. “ಮ್ಯಾಲ ಹತ್ತಾಕಿಂತ ಮೊದಲ ಲೈನ್ ಬಂದ್ ಮಾಡಸಂಗಿಲ್ಲೇನು ಅವರು? ನಮ್ಮ ಹೊಲಕ್ಕ ಬಂದಾಗ ಮಾಡಸ್ತಾರ.”

“ಮಾಡಿಸಿದ್ದ ಬೇ.”

“ಮತ್ತ ಹೆಂಗ ಸತ್ತ?”

ಪರದೆಯ ಮೇಲೆ ಅದನ್ನು ಹೇಳಿರಲಿಲ್ಲ. ಒಂದು ಮಿಂಚು, ಒಂದು ಚೀರಾಟ, ಕೆಳಗೆ ಬಿದ್ದ ಕೈಯಲ್ಲಿ ಹಿಟ್ಟಿನ ಗುರುತು. ಆಗ ನಂದಕಿಶೋರ ಕೂಡ ಮೂಗು ಒರೆಸಿಕೊಂಡಿದ್ದ. ಹಿಟ್ಟು ಒರೆಸಿದಾಗ ನಕ್ಕವರೇ ಸತ್ತಾಗ ಅತ್ತಿದ್ದರು, ಮನಸಾರೆ ಅತ್ತಿದ್ದರು, ಹಗುರಾಗಿ ಎದ್ದು ಹೋಗಿದ್ದರು. “ಸಿನಿಮಾದಾಗ ಇಂಥವರು ಕಡೀಕ ಸಾಯ್ತಾರ ಬೇ,” ಎಂದ. “ಮೊದಲ ಮಂದೀನ್ನ ನಗಸಾಕ ಇದ್ರು. ಈಗ ಅಳಸಾಕ ಅದಾರ.”

“ಬದುಕಿ ಬಾಳೇ ಮಾಡಾಕ ಯಾರೂ ಇಲ್ಲೇನು?”

ಅವನು ತಾಡಪತ್ರಿಯ ಮೇಲಿನ ಒಂದು ಕಡ್ಡಿಯನ್ನು ಎತ್ತಿ ಮುರಿದ.

“ಅಂವಾ ಸತ್ತದ್ದಕ್ಕ ನಾ ಹೂಂ ಅನ್ನಂಗಿಲ್ಲ,” ಎಂದಳು ರಾಚವ್ವ. ಸೀರೆಯ ಮೇಲಿನ ಕಡ್ಡಿಗಳನ್ನು ಝಾಡಿಸಿಕೊಂಡು, ಮೊಣಕಾಲಿಗೆ ಕೈ ಕೊಟ್ಟು ಎದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹಿಟ್ಟಿಗೆ ಉಪ್ಪು ಸಾಲದು ಎಂದು ಹೇಳುವ ಹಾಗಿತ್ತು. “ಹೊತ್ತು ಮುಣಗಾಕತ್ತೈತಿ, ನಾ ದೀಪಾ ಹಚ್ಚಬೇಕು. ಕಂಬದ ಮ್ಯಾಲ ಬಿಟ್ಟು ಬರ್ತಾರೇನು ಯಾರರ? ಮನೀಗೆ ಕರಕೊಂಡ ಬಾ ಅವನ್ನ.” ಹೊರಗೆ ಹೆಜ್ಜೆ ಇಟ್ಟವಳು ಒಂದು ಸಲ ನಿಂತು, ತಿರುಗದೆ, “ರೊಟ್ಟಿ ಆಗ್ಯಾವ. ಇಬ್ರೂ ಲಗೂ ಬರ್ರಿ,” ಎಂದಳು.

ಅವಳು ಹೋದ ಮೇಲೆ ಶೆಡ್ಡು ಬಹಳ ದೊಡ್ಡದೆನಿಸಿತು. ಕತೆ ಕಂಬದ ಮೇಲೆ, ಗಾಳಿಯಲ್ಲಿ, ತಂತಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಹೂಂ ಅನ್ನುವವಳು ಎದ್ದು ಹೋಗಿದ್ದಳು. ಸುಶೀಲೇಂದ್ರ ಏಣಿಯ ಬುಡಕ್ಕೆ ಹೋಗಿ ನಿಂತ. ಮೇಲೆ ರಾಮಲಿಂಗನ ಹಿಮ್ಮಡಿಗಳು ಕಾಣುತ್ತಿದ್ದವು, ಒಡೆದು, ದ್ರಾಕ್ಷಿಯ ಅಂಟು ಮೆತ್ತಿ. ಇಷ್ಟು ವರ್ಷ ನೋಡಿದ ಯಾವ ಪರದೆಯೂ ಮುಂದಿನ ಮಾತನ್ನು ಅವನಿಗೆ ಕೊಟ್ಟಿರಲಿಲ್ಲ. ಅವನು ಏಣಿಯನ್ನು ಎರಡೂ ಕೈಯಿಂದ, ಅಲುಗದ ಹಾಗೆ, ಹಿಡಿದ.

“ಲೈನ್‌ಮನ್ ಕೆಳಗ ಇಳದ,” ಎಂದ.

ಬಲೆ ಕೊಡವುವ ಸದ್ದು ನಿಂತಿತು.

“ತೋಯ್ದಿದ್ದ. ಬೇಕರಿಗೆ ಬಂದ. ಬೇಕರಿಯವ ಟಾವೆಲ್ ಕೊಟ್ಟ. ಅಂವಾ ಒಮ್ಮೆ ತಪ್ಪು ಮಾಡಿದ್ದ, ಈ ಬೇಕರಿಯವ. ಮಂದಿ ಕೂಡ ನಕ್ಕಿದ್ದ. ಅದನ್ನ ಹೇಳಿದ.”

ಗಾಳಿ ಒಂದು ಸುತ್ತು ಬಂದು ಹತ್ತೂ ಬಲೆಗಳನ್ನು ತುಸುವೇ ತೂಗಿತು. ಮೇಲಿನ ಹಿಮ್ಮಡಿಯೊಂದು ಕೆಳಗಿನ ಮೆಟ್ಟಿಲನ್ನು ಹುಡುಕಿ ಇಳಿಯಿತು, ನಿಂತಿತು.

“ಹೂಂ,” ಎಂದ ರಾಮಲಿಂಗ. ಆಮೇಲೆ, ಇನ್ನೊಂದು ಮೆಟ್ಟಿಲು ಇಳಿದು: “ಮುಂದ?”